ಬಿಸಿ ಬಾನೆಟ್ಟು

ಹನೂರಿನಿಂದ ಯಳಂದೂರಿನ ಶಾಲೆಗೆ ದಿನವೂ ಪಾಠ ಮಾಡಲು ಹೋಗುವ ನನ್ನ ಹೆಂಡತಿಗೆ ಬಸ್ಸು ಬದಲಿಸಿ ಬದಲಿಸಿ ಸಾಕಾಗಿತ್ತು. ಬೆಳಗ್ಗೆ ಏಳಕ್ಕೆ ತಪ್ಪದೆ ಸ್ಟಾರ್ಟ್ ಆಗುವ ಹಳೆಯ ಡೀಸೆಲ್ ಕಾರು ಸಿಕ್ಕರೆ ಸಾಕು, ಅಂದವೇನೂ ಬೇಡ ಎಂದಳು. ಹುಡುಕಿಕೊಂಡು ಕೊಳ್ಳೇಗಾಲಕ್ಕೆ ಹೋದೆ.

ಹುಣಸೆಮರದ ನೆರಳಲ್ಲಿ ಎರಡು ಕಾರು ನಿಂತಿದ್ದವು. ಬಿಳಿಯದು ದಲ್ಲಾಳಿಯದು, ಬೂದು ಬಣ್ಣದ್ದು ಒಬ್ಬ ರೇಷ್ಮೆ ನೇಕಾರರದು.

ನಾನು ಕೇಳುವ ಮೊದಲೇ ನೇಕಾರರು ಶುರುಮಾಡಿದರು: “ಹಿಂದ್ಲು ಬಾಗ್ಲು ಒಳಗಿಂದ ತೆಗಿಯಕಾಗಕಿಲ್ಲ ಸಾ. ಏಸಿ ಇಲ್ಲ ಅಂತ್ಲೇ ಅನ್ಕಳಿ. ಬೆಳಿಗ್ಗೆ ಎಲ್ಡು ಸಲ ಕೆಮ್ತದೆ, ಆಮೇಲೆ ಓಯ್ತದೆ.” ಕೀ ತಿರುಗಿಸಿದರು. ಲೆಕ್ಕ ತಪ್ಪದೆ ಎರಡು ಸಲ ಕೆಮ್ಮಿ ಸ್ಟಾರ್ಟ್ ಆಯಿತು.

ಬಿಳಿಯದು ಕೀ ಮುಟ್ಟಿದ್ದೇ ತಡ ಗುರುಗುಟ್ಟಿತು. ಬಾನೆಟ್ಟಿನ ಮೇಲೆ ಕೈಯಿಟ್ಟೆ. ದೋಸೆ ಹುಯ್ಯಬಹುದಿತ್ತು.

“ಯಾಕೆ ಇಷ್ಟು ಬಿಸಿ?”

“ಬಿಸ್ಲು ಸಾ,” ಅಂದ ದಲ್ಲಾಳಿ, ನೆರಳಲ್ಲಿ ನಿಂತುಕೊಂಡೇ.

“ಏನಾದರೂ ತೊಂದರೆ ಇದೆಯಾ?”

“ಒಂದೂ ಇಲ್ಲ. ಮಗಿದ್ದಂಗದೆ ಸಾ.”

ನಾನು ಓದಿದವನು, ಯೋಚಿಸಿದೆ. ಮೂರು ದೋಷ ತಾನಾಗಿಯೇ ಒಪ್ಪಿಕೊಂಡವರು ಮೂವತ್ತನ್ನಾದರೂ ಮುಚ್ಚಿಟ್ಟಿರಬೇಕು. ಬಿಳಿಯದನ್ನೇ ಕೊಂಡುತಂದೆ.

ದಲ್ಲಾಳಿ ಸುಳ್ಳು ಹೇಳಿರಲಿಲ್ಲ. ಕಾರು ಮಗುವಿನಂತೆಯೇ ಇದೆ: ಬೆಳಗ್ಗೆ ಏಳುವುದೇ ಇಲ್ಲ, ನಾಲ್ಕು ಜನ ಹಿಂದೆ ಬಿದ್ದು ತಳ್ಳಬೇಕು. ಹೆಂಡತಿ ಈಗಲೂ ಬಸ್ಸಿನಲ್ಲೇ ಹೋಗುತ್ತಾಳೆ. ಬೂದು ಕಾರನ್ನು ಅವಳ ಶಾಲೆಯ ಗಣಿತದ ಮೇಷ್ಟರು ಕೊಂಡರು. ಅದು ಇನ್ನೂ ಎರಡೇ ಸಲ ಕೆಮ್ಮುತ್ತದಂತೆ.

ಇವತ್ತು ಹತ್ತಕ್ಕೆ ರಾಮಾಪುರದಿಂದ ಒಬ್ಬರು ನನ್ನ ಕಾರು ನೋಡಲು ಬರುತ್ತಿದ್ದಾರೆ. ಒಂಬತ್ತಕ್ಕೇ ತಳ್ಳಿಸಿ, ಎಂಜಿನ್ ಓಡಲು ಬಿಟ್ಟಿದ್ದೇನೆ. ಬಿಸಿಲು ಎನ್ನೋಣವೆಂದರೆ ಮೋಡ ಕವಿದಿದೆ. ಆದರೂ ಧೈರ್ಯವಿದೆ, ಅವರೂ ಓದಿದವರಂತೆ.