ಬರಿಗಾಲಿನ ಟೈಲರಮ್ಮ

ಟೈಲರಮ್ಮನ ಬಲಗಾಲು ಎಡಗಾಲಿಗಿಂತ ಅಗಲ. ಮೂವತ್ತು ವರ್ಷ ಹೊಲಿಗೆ ಮಿಷನ್ ತುಳಿದು ತುಳಿದು ಆ ಪಾದ ಹರಡಿಕೊಂಡುಬಿಟ್ಟಿತ್ತು. ಹೆಬ್ಬೆರಳು ಪಕ್ಕದ ಬೆರಳಿನ ಜೊತೆ ಜಗಳ ಆಡಿದ ಹಾಗೆ ದೂರ ಸರಿದಿತ್ತು. ಆಕೆ ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತುತ್ತಿದ್ದರು, ಅದೂ ನನ್ನ ಮುಂದೆ ಮುಂದೆಯೇ. ಹಿಂದೆ ಏದುಸಿರು ಬಿಡುತ್ತಾ ಬರುತ್ತಿದ್ದ ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ಆ ಪಾದಗಳೇ.

ಹೇಳಿಯೇ ಬಿಡುತ್ತೇನೆ, ಆಕೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ವಿದ್ಯಾರಣ್ಯಪುರಂನ ನಮ್ಮ ಬೀದಿಯ ಹೆಂಗಸರನ್ನು ಸೇರಿಸಿ, ಭಾನುವಾರ ಬೆಳಿಗ್ಗೆ ಬೆಟ್ಟ ಹತ್ತುವ ಗುಂಪು ಕಟ್ಟಿದವಳು ನಾನು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತಳಾಗಿದ್ದೆ, ಯಜಮಾನರೂ ಹೋಗಿದ್ದರು. ನಾಲ್ಕು ಜನ 'ಟೀಚರ್, ಏನು ಮಾಡೋಣ?' ಅಂತ ಕೇಳುವ ಜಾಗ ನನಗೆ ಉಳಿದಿದ್ದದ್ದು ಅದೊಂದೇ. ಟೈಲರಮ್ಮ ಬಂದದ್ದು ಆಮೇಲೆ. ಬಂದ ಮೂರೇ ತಿಂಗಳಿಗೆ, ಆಕೆ ಬರದಿದ್ದರೆ ಬೆಟ್ಟವೇ ಬೇಡ ಅನ್ನುವ ಹಾಗಾಯಿತು. ನಾನು ಎರಡು ವಾರ ಜ್ವರ ಬಂದು ಮಲಗಿದ್ದೆ. ಗುಂಪು ಹಾಯಾಗಿ ಹತ್ತಿ ಇಳಿದು, ಕೆಳಗೆ ಕಾಫಿ ಕುಡಿದು ಬಂದಿತ್ತು.

ಆಕೆಯ ಹತ್ತಿರ ಎಲ್ಲರೂ ಮನಸ್ಸು ಬಿಚ್ಚುತ್ತಿದ್ದರು. ಅಳತೆ ತೆಗೆಯುವಾಗ ಆಕೆ ಮುಖ ನೋಡುತ್ತಿರಲಿಲ್ಲ, ಅದಕ್ಕೇ ಇರಬೇಕು. ನನ್ನ ಮಗಳು ತನಗೆ ಆ ಹುಡುಗ ಬೇಡ ಅಂತ ಮೊದಲು ಹೇಳಿದ್ದು ಹೆತ್ತ ನನಗಲ್ಲ, ನಿಶ್ಚಿತಾರ್ಥದ ಬ್ಲೌಸಿಗೆ ಅಳತೆ ಕೊಡುವಾಗ ಟೈಲರಮ್ಮನಿಗೆ. ಆಕೆ ಅವತ್ತೇ ನಮ್ಮ ಮನೆಗೆ ಬಂದು, "ಮೇಡಮ್ಮೋರೆ, ಬಟ್ಟೆ ಇನ್ನೂ ಕತ್ರಿಸಿಲ್ಲ. ಒಸಿ ಮಗಳ ಹತ್ರ ಕೂತು ಮಾತಾಡಿ," ಅಂದರು. ಮಗಳು ಬಚಾವಾದಳು. ನಾನು ಮಾತ್ರ ಒಳಗೊಳಗೇ ಕುದಿದೆ. ನನ್ನ ಮಗಳ ಮನಸ್ಸು ನನಗೆ ಹೇಳೋಕೆ ಇವಳ್ಯಾರು?

ಗುಂಪು ಮತ್ತೆ ನನ್ನ ಕೈಗೆ ಬರಲಿ ಅಂತಲೇ ನಾಲ್ಕು ವರ್ಷದ ಹಿಂದೆ, ಒಂದು ಮಾರ್ಚಿನಲ್ಲಿ, ಕೊಡಗಿನ ಒಂದು ದೊಡ್ಡ ಬೆಟ್ಟಕ್ಕೆ ಹೊರಡಿಸಿದೆ. ಗಾಡಿ ಗೊತ್ತು ಮಾಡಿದ್ದು ನಾನು, ಪುಳಿಯೋಗರೆ ಕಲೆಸಿದ್ದು ನಾನು, ಕೂರಲು ಜಮಖಾನ ಹೊತ್ತದ್ದೂ ನಾನೇ. ಏಳು ಜನ ಹೊರಟೆವು. ಬುಡದಲ್ಲಿ ಇಳಿದರೆ, ಯಾವತ್ತೂ ಚಪ್ಪಲಿ ಮೆಟ್ಟದೆ ಬೆಟ್ಟ ಹತ್ತುವ ಟೈಲರಮ್ಮ ಕ್ಯಾನ್ವಾಸ್ ಶೂಗೆ ಲೇಸ್ ಕಟ್ಟುತ್ತಾ ಕೂತಿದ್ದಾರೆ!

"ಏನ್ರಮ್ಮ, ಭಕ್ತಿ ಚಾಮುಂಡಿಬೆಟ್ಟಕ್ಕೆ ಮಾತ್ರಾನಾ?" ಅಂದೆ.

"ಅಲ್ಲಿ ಮೆಟ್ಲೈತೆ. ಇದು ಕಾಡು ಕಣ್ರಮ್ಮ, ಕಲ್ಲು ಮುಳ್ಳು," ಅಂದರು.

ಈ ಸಲವಾದರೂ ಆಕೆಗಿಂತ ಒಂದು ಕೈ ಮೇಲಾಗಬಹುದು ಅನ್ನಿಸಿತು ನೋಡಿ, ನನ್ನ ಬುದ್ಧಿ ಕೆಟ್ಟಿತು. "ಬೆಟ್ಟ ಅಂದಮೇಲೆ ಎಲ್ಲಾ ಬೆಟ್ಟಾನೂ ದೇವರೇ," ಅಂತ ಶೂ ಬಿಚ್ಚಿ ಗಾಡಿಯಲ್ಲಿಟ್ಟೆ. ಟೀಚರೇ ಬಿಚ್ಚಿದರು ಅಂತ ಉಳಿದ ಐವರೂ ಬಿಚ್ಚಿದರು. ಅವರಲ್ಲಿ ಮೂಲೆಮನೆ ಗೆಳತಿಯೂ ಒಬ್ಬಳು. ಅವಳಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ.

ಮುಕ್ಕಾಲು ಭಾಗ ಹತ್ತುವಷ್ಟರಲ್ಲಿ ಮೋಡ ಕವಿಯಿತು. "ತಿರುಗ್ಬುಡೋಣ," ಅಂದರು ಟೈಲರಮ್ಮ. "ಇನ್ನೇನು ಬಂದೇಬಿಡ್ತು, ನಡೀರಿ," ಅಂದೆ ನಾನು. ಹತ್ತು ನಿಮಿಷ ಆಗಿರಲಿಲ್ಲ, ಅಯ್ಯೋ, ಅದೇನು ಗಾಳಿ, ಅದೇನು ಸಿಡಿಲು! ಹುಲ್ಲುಗುಡ್ಡದ ಮೇಲೆ ಮರೆಗೆ ಒಂದು ಗಿಡವಿಲ್ಲ. ಮಳೆಯ ಜೊತೆ ನೆಲ್ಲಿಕಾಯಿ ಗಾತ್ರದ ಆಲಿಕಲ್ಲು ತಲೆ, ಬೆನ್ನು ನೋಡದೆ ಹೊಡೆಯಿತು. ಟೈಲರಮ್ಮ ನಮ್ಮನ್ನೆಲ್ಲ ಒಂದು ತಗ್ಗಿಗೆ ಎಳೆದು ಕುಕ್ಕರಗಾಲಲ್ಲಿ ಕೂರಿಸಿದರು. ಸಿಡಿಲು ಅತ್ತ ಸರಿದ ಮೇಲೆ ಎದ್ದರೆ ನೆಲವೆಲ್ಲ ಬೆಳ್ಳಗೆ. ಕಾಲು ಮರಗಟ್ಟಿ ಹೋಗಿತ್ತು. ಮೂಲೆಮನೆ ಗೆಳತಿಯ ಅಂಗಾಲು ಸೀಳಿ ರಕ್ತ ಸುರಿಯುತ್ತಿತ್ತು, ಅವಳಿಗೆ ಅದು ಗೊತ್ತೇ ಆಗಿರಲಿಲ್ಲ.

ನಾನು ಅಳುತ್ತಾ ನಿಂತೆ. ಟೈಲರಮ್ಮ ತಮ್ಮ ಶೂ ಬಿಚ್ಚಿ ಅವಳ ಗಾಯಕ್ಕೆ ಕರವಸ್ತ್ರ ಒತ್ತಿ ತೊಡಿಸಿದರು. ಆಮೇಲೆ ಚೀಲದಿಂದ ಕತ್ತರಿ ತೆಗೆದು, "ಆ ಜಮಖಾನ ಕೊಡಿ ಇಲ್ಲಿ," ಅಂದರು. ಅಳತೆ ಇಲ್ಲ, ಗುರುತು ಇಲ್ಲ, ಬರೀ ಕಣ್ಣಂದಾಜಿನಲ್ಲಿ ಕರಕರ ಅಂತ ಹತ್ತು ತುಂಡು ಮಾಡಿ, ನಮ್ಮ ಐವರ ಕಾಲಿಗೆ ಸುತ್ತಿ, ದಪ್ಪ ಸೂಜಿಯಲ್ಲಿ ನಾಲ್ಕು ನಾಲ್ಕು ಹೊಲಿಗೆ ಹಾಕಿದರು. ಜೀವ ಕೈಯಲ್ಲಿ ಹಿಡಿದುಕೊಂಡಿದ್ದ ಆ ಹೊತ್ತಲ್ಲೂ ನನಗೆ ಬಂದ ಯೋಚನೆ ಏನು ಗೊತ್ತೆ? ಇದಕ್ಕೂ ಇವಳೇ ಬೇಕಾಯ್ತಲ್ಲ, ಅಂತ. ಆಕೆ ಮಾತ್ರ ಬರಿಗಾಲಲ್ಲೇ ನಮ್ಮನ್ನು ಇಳಿಸಿಕೊಂಡು ಬಂದರು.

ಗೆಳತಿಯನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ಅವಳ ಯಜಮಾನರು ಓಡಿ ಬಂದು ವರಾಂಡದಲ್ಲೇ ಕೂಗಾಡಿದರು: "ಶುಗರ್ ಇರೋಳ ಚಪ್ಪಲಿ ಬಿಚ್ಚಿಸಿದ್ದು ಯಾರ್ರೀ? ಯಾರ ಬುದ್ಧಿ ಇದು?"

ನಾನು ಬಾಯಿ ತೆರೆಯುವ ಮೊದಲೇ ಟೈಲರಮ್ಮ ಮುಂದೆ ಬಂದರು. "ನಾನೇ ಕಣಣ್ಣ. ಯಾವಾಗ್ಲೂ ಬರಿಗಾಲಲ್ಲಿ ಬೆಟ್ಟ ಹತ್ತೋಳು. ನನ್ನ ಮಾತು ಕೇಳಿ ಬಿಚ್ಚಿದ್ರು."

ಯಾರಿಗೆ ಅನುಮಾನ ಬರುತ್ತೆ? ಉಳಿದವರು ನೆಲ ನೋಡಿದರು. ನಾನೂ ನೋಡಿದೆ. ಗಾಯ ಮಾಗಲು ಐದು ತಿಂಗಳು ಹಿಡಿಯಿತು, ಒಂದು ಬೆರಳು ತೆಗೆದರು. ಗೆಳತಿ ಗಂಡನ ಮುಂದೆ ನಿಜ ಹೇಳಲು ಹೊರಟರೆ ಟೈಲರಮ್ಮ ಕೈಮುಗಿದು ತಡೆದಿದ್ದರಂತೆ. ಆ ಮನೆಯ ಬಟ್ಟೆ ಆಕೆಗೆ ಬರುವುದು ನಿಂತಿತು. ಅವರನ್ನು ನೋಡಿ ಇನ್ನೂ ಎರಡು ಮನೆಯವರು ಬೇರೆ ಟೈಲರ್ ಹುಡುಕಿಕೊಂಡರು.

ಒಂದು ದಿನ ತಡೆಯಲಾರದೆ ಆಕೆಯ ಅಂಗಡಿಗೆ ಹೋದೆ. "ಯಾಕೆ ಹಾಗೆ ಹೇಳಿದ್ರಿ?" ಅಂತ ಸಿಡುಕಿದೆ.

ಮಿಷನ್ ನಿಲ್ಲಿಸದೆ ಆಕೆ ಅಂದರು, "ಗುಂಪು ಬುಟ್ರೆ ನಿಮ್ಗೆ ಇನ್ನೇನೈತೆ ಮೇಡಮ್ಮೋರೆ? ನಂಗಾದ್ರೆ ಮಿಷನ್ ಐತೆ."

ನನ್ನ ಅಳತೆಯನ್ನು ಆಕೆ ಯಾವಾಗಲೋ ತೆಗೆದಾಗಿತ್ತು. ಮುಖಕ್ಕೇ ನಿಜ ಹೇಳಿದ್ದಕ್ಕೆ ಆಕೆಯ ಜೊತೆ ಆರು ತಿಂಗಳು ಮಾತು ಬಿಟ್ಟೆ.

ಹೋದ ವರ್ಷ ಆಕೆ ಹೃದಯ ನಿಂತು ಹೋದರು. ಮನೆ ಮುಂದೆ ಶಾಮಿಯಾನ ಸಾಲದೆ ಜನ ರಸ್ತೆಗೆ ಬಂದಿದ್ದರು. ನಾನು ಸತ್ತರೆ ಇದರಲ್ಲಿ ಅರ್ಧ ಜನ ಬರುತ್ತಾರಾ ಅಂತ ಲೆಕ್ಕ ಹಾಕುತ್ತಾ ನಿಂತಿದ್ದೆ, ನಾಚಿಕೆಗೇಡಿ. ಪಕ್ಕದಲ್ಲೇ ಮೂಲೆಮನೆ ಯಜಮಾನರು ಯಾರಿಗೋ ಹೇಳುತ್ತಿದ್ದರು: "ಹೆಂಗಸು ಒಳ್ಳೆಯವಳೇ. ಆದ್ರೆ ಅವತ್ತು ನನ್ನ ಹೆಂಡತಿ ಕಾಲು ಹಾಳ್ಮಾಡಿದ್ಲು."

"ಚಪ್ಪಲಿ ಬಿಚ್ಚಿಸಿದ್ದು ನಾನು," ಅಂದೆ. ಕೇಳಿಸಲಿಲ್ಲವೇನೋ ಅಂತ ಇನ್ನೂ ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ ಅಂದೆ: "ನಾನು ಕಣ್ರೀ. ಕಲ್ಲು ಮುಳ್ಳು ಅಂತ ಆಯಮ್ಮ ಹೇಳೇ ಇದ್ರು. ತಮ್ಮ ಶೂ ಕೊಟ್ಟು ನಿಮ್ಮ ಹೆಂಡತೀನ ಇಳಿಸಿದ್ದೂ ಅವರೇ."

ಅವರು ನನ್ನನ್ನು ದಿಟ್ಟಿಸಿದರು. ಜನರನ್ನು ಸರಿಸಿಕೊಂಡು ಒಳಗೆ ಹೋಗಿ, ಟೈಲರಮ್ಮನ ಕಾಲಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತರು. ಸುತ್ತ ಇದ್ದವರೂ ಕಣ್ಣೊರೆಸಿಕೊಂಡರು. ನನ್ನ ಕಡೆ ಯಾರೂ ನೋಡಲಿಲ್ಲ. ಮೂರು ವರ್ಷದ ಮೇಲೆ ಧೈರ್ಯ ಮಾಡಿ ನಿಜ ಹೇಳಿದವಳು ನಾನು, ಜನ ಕೈಮುಗಿದದ್ದು ಆಕೆಗೆ. ಸುಳ್ಳು ಯಾಕೆ ಹೇಳಲಿ, ಆಗಲೂ ನನ್ನ ಹೊಟ್ಟೆ ಉರಿಯಿತು.