ಇಸ್ತ್ರಿಯಣ್ಣನ ಹೊದಿಕೆ

ಬೀದಿಯ ತಿರುವಿನಲ್ಲಿ, ಇಸ್ತ್ರಿಪೆಟ್ಟಿಗೆಯ ಹಬೆಯೊಳಗೆ ಅರ್ಧ ಕರಗಿದವನಂತೆ ನಿಂತಿರುವ ಇಸ್ತ್ರಿಯಣ್ಣನಿಗೆ ಗಿರಾಕಿಯ ಬಟ್ಟೆಗಿಂತ ಮೊದಲು ಕಾಣುವುದು ತಲೆಯ ನರೆ. ನಾಲ್ಕು ಬಿಳಿ ಕೂದಲು ಕಂಡರೆ ಸಾಕು, ಅಂಗಿ ಮಡಚುತ್ತಲೇ ಶುರು ಹಚ್ಚಿಕೊಳ್ಳುತ್ತಾನೆ: “ಸರ್ಪಸುತ್ತಿನ ಲಸಿಕೆ ಹಾಕಿಸ್ಕೊಂಡ್ರಾ? ಚಿಕ್ಕೋರಿದ್ದಾಗ ಸೀತಾಳೆ ಸಿಡುಬು ಎದ್ದಿತ್ತಲ್ಲ, ಅದು ಎಲ್ಲೂ ಹೋಗಿಲ್ಲ, ನಿಮ್ಮೊಳಗೇ ಮಲ್ಕೊಂಡಿದೆ. ವಯಸ್ಸಾದ್ಮೇಲೆ ಮೈ ಮುರ್ಕೊಂಡು ಏಳುತ್ತೆ.” ಬಟ್ಟೆ ತಂದ ಮೇಷ್ಟ್ರು ರೇಗುತ್ತಾರೆ: “ನೀನೇನು ಇಸ್ತ್ರಿಯವನೋ ಡಾಕ್ಟರೋ?” “ಡಾಕ್ಟ್ರನ್ನೇ ಕೇಳಿ ಅಂತಾನೇ ನಾನೂ ಹೇಳ್ತಿರೋದು ಮೇಷ್ಟ್ರೇ,” ಎಂದು ಅವನು ಪುಸ್ಸೆಂದು ಹಬೆ ಬಿಡುತ್ತಾನೆ. ಅವನ ಕಾಟ ತಾಳಲಾರದೆ ಲಸಿಕೆ ಹಾಕಿಸಿಕೊಂಡವರೇ ಬೀದಿಯಲ್ಲಿ ಹೆಚ್ಚು. ತೋಳು ನೋಯುತ್ತಿದೆ ಎಂದು ಅವರು ಜಗಳಕ್ಕೆ ಬಂದರೆ, ಸ್ವಂತ ಮಗನೇ ಪರೀಕ್ಷೆ ಪಾಸಾದಂತೆ ಹಿಗ್ಗುತ್ತಾನೆ. ಮಧ್ಯಾಹ್ನ ಮಾತ್ರ ಆ ಬಾಯಿ ಮುಚ್ಚಿಕೊಳ್ಳುತ್ತದೆ. ಒಗೆದು ಒಗೆದು ಜೇಡರ ಬಲೆಯಂತಾದ ಹತ್ತಿಯ ಹೊದಿಕೆಯೊಂದನ್ನು ಕನಸಿನಲ್ಲೆಂಬಂತೆ ಮೆಲ್ಲಗೆ ಉಜ್ಜಿ, ಬಿಸಿ ಆರಿದ ಮೇಲೆ ಕೆನ್ನೆಗೆ ಒತ್ತಿ ನೋಡಿ, ಹಿಂದಿನ ಕೋಣೆಗೆ ಒಯ್ಯುತ್ತಾನೆ. ಅಲ್ಲಿ ಅವನ ಹೆಂಡತಿ ಮಲಗಿದ್ದಾಳೆ. ಸರ್ಪಸುತ್ತಿನ ಗುಳ್ಳೆ ಒಣಗಿ ಎಷ್ಟೋ ತಿಂಗಳಾದರೂ, ಪಕ್ಕೆಗೆ ಬಟ್ಟೆ ಸೋಕಿದರೆ ಬೆಂಕಿ ಮುಟ್ಟಿದಂತೆ ಬೆಚ್ಚುತ್ತಾಳೆ. “ಇವತ್ತು ಹೊದಿಸ್ಲೇನೇ?” “ನಾಳೆ ನೋಡೋಣ ರೀ.” ಬಾಗಿಲ ಸಂದಿಯ ಗಾಳಿಗೆ ಅವಳು ನಡುಗುತ್ತಾಳೆ. ಅವನು ಹೊದಿಕೆಯನ್ನು ಎರಡೂ ಕೈಯಲ್ಲಿ ಬಿಚ್ಚಿ, ಅವಳ ಮೈಗೆ ತಾಗದಷ್ಟು ಮೇಲೆ ಚಪ್ಪರದಂತೆ ಹಿಡಿದು, ಅವಳಿಗೆ ನಿದ್ದೆ ಹತ್ತುವವರೆಗೂ ನಿಂತಿರುತ್ತಾನೆ. ಹೊರಗೆ ಯಾವ ನರೆತಲೆ ಬಂದು ಕೂಗಿದರೂ ಓಗೊಡುವುದಿಲ್ಲ.