ಉಪ್ಪು ಬಿಟ್ಟ ಮೂರು ವಾರ

ತಮಿಳುನಾಡಿನ ಕಡಯಂಪಟ್ಟಿ ಹತ್ತಿರದ ಶಾಲೆಯಲ್ಲಿ ನಾನು ಜೀವಶಾಸ್ತ್ರದ ಮೇಷ್ಟ್ರು, ವಾಸವೂ ಅಲ್ಲೇ. ಮನೆಮಾತು ಕನ್ನಡವಾದರೂ ಪಾಠವೆಲ್ಲ ತಮಿಳಿನಲ್ಲಿ. ಮಿದುಳಿನ ನರಕೋಶದಲ್ಲಿ ವಿದ್ಯುತ್ತು ಹುಟ್ಟುವ ಬಗೆ ನನಗೆ ಬಾಯಿಪಾಠ. ಉಪ್ಪಿನಲ್ಲಿರುವ ಸೋಡಿಯಂ ಕೋಶದ ಹೊರಗೆ ಜಾಸ್ತಿ, ಪೊಟ್ಯಾಸಿಯಂ ಒಳಗೆ ಜಾಸ್ತಿ. ಸಂದೇಶ ಬಂದೊಡನೆ ಪೊರೆಯ ಸಣ್ಣ ಬಾಗಿಲುಗಳು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ. ಆ ನುಗ್ಗಾಟವೇ ವಿದ್ಯುತ್ತು. ಹಿಂದೆಯೇ ಪೊಟ್ಯಾಸಿಯಂ ಹೊರಬಂದು ಕೋಶ ಶಾಂತವಾಗುತ್ತದೆ.

ಸೇಲಂನ ನಮ್ಮ ಮನೆಯಲ್ಲಿ ತಂಗಿ ಸೀರೆ ನೇಯುತ್ತಿದ್ದಳು. ಅವಳಿಗೆ ಚಿಕ್ಕಂದಿನಿಂದ ಫಿಟ್ಸ್. ಮಾತ್ರೆಯಿಂದ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಹೋದ ಬೇಸಿಗೆಯಲ್ಲಿ ಅಮ್ಮ ಮನೆದೇವತೆಗೆ ಹರಕೆ ಹೊತ್ತಳು: ತಂಗಿ ಮೂರು ವಾರ ಉಪ್ಪಿಲ್ಲದ ಊಟ ಮಾಡಬೇಕು. ನನ್ನನ್ನೂ ಒಂದು ಮಾತು ಕೇಳಿದಳು.

"ಮಾತ್ರೆ ಒಂದು ನಿಲ್ಲಿಸ್ಬ್ಯಾಡ. ಮಿಕ್ಕಿದ್ದು ಏನಾರ ಮಾಡ್ಕ," ಎಂದೆ. ಓದಿದವನಾದರೂ ಅಡ್ಡಿ ಮಾಡಲಿಲ್ಲವಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಇವತ್ತಿಗೂ ಆ ಜಂಬ ನೆನೆದರೆ ಮೈ ಉರಿಯುತ್ತದೆ.

ತಂಗಿ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಬೆವರು ಸುರಿಸುತ್ತ ನೇಯ್ದಳು. ಬಾಯಾರಿದಾಗಲೆಲ್ಲ ಚೊಂಬುಗಟ್ಟಲೆ ನೀರು ಕುಡಿದಳು. ಮೂರನೇ ವಾರ ತಲೆನೋವು, ವಾಂತಿ ಶುರುವಾಯಿತು.

"ಬಿಸಿಲಿಗೆ ಅಂಗಾಗ್ತೈತೆ," ಎಂದೆ ಫೋನಿನಲ್ಲಿ.

"ಪರವಾಯಿಲ್ಲಣ್ಣಾ, ಇನ್ನ ನಾಕೇ ದಿನ," ಎಂದಳು.

ಮಾರನೆಯ ದಿನ ಮಗ್ಗದಲ್ಲೇ ಫಿಟ್ಸ್ ಬಂತು. ಒಂದು ನಿಲ್ಲುವಷ್ಟರಲ್ಲಿ ಇನ್ನೊಂದು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ನೋಡಿದ ಡಾಕ್ಟರು, ಉಪ್ಪು ತಿಂದು ಎಷ್ಟು ದಿನವಾಯಿತೆಂದು ತಮಿಳಿನಲ್ಲಿ ಕೇಳಿದರು. ಅವಳು ನುಂಗುವ ಮಾತ್ರೆಯೇ ಕೆಲವರಲ್ಲಿ ಸೋಡಿಯಂ ಇಳಿಸುತ್ತದಂತೆ. ಮೇಲೆ ಈ ಪಥ್ಯ, ಬೆವರು, ನೀರು. ರಕ್ತದಲ್ಲಿ ಸೋಡಿಯಂ ತೀರಾ ಇಳಿದು, ನೀರು ಕೋಶಗಳಿಗೆ ನುಗ್ಗಿ ಮಿದುಳು ಊದಿಕೊಂಡಿತ್ತು. ಲಕ್ಷಾಂತರ ಕೋಶಗಳು ಹತೋಟಿ ತಪ್ಪಿ ಒಟ್ಟಿಗೇ ವಿದ್ಯುತ್ತು ಹಾಯಿಸುತ್ತಿದ್ದವು. ಎರಡನೇ ದಿನ ತಂಗಿ ತೀರಿಕೊಂಡಳು.

ತಿಥಿ ಮುಗಿದ ಮೇಲೆ ಅಮ್ಮ ನನ್ನೆದುರು ಬಂದು ಕೂತಳು. "ಯಂಗಾಯ್ತು ಅಂತ ನಂಗೆ ತಿಳಿಯೋ ಅಂಗೆ ಏಳ್ಲಾ."

ಎಲ್ಲವನ್ನೂ ಹೇಳಿದೆ, ಬಾಗಿಲು, ಉಪ್ಪು, ನೀರು. ಕನ್ನಡದಲ್ಲಿ ಆ ಪಾಠ ನಾನು ಮಾಡಿದ್ದು ಅದೇ ಮೊದಲು. ಅಮ್ಮನಿಗೆ ಒಂದೇ ಸಲಕ್ಕೆ ಅರ್ಥವಾಯಿತು.

"ಉಪ್ಪಿಂದು ನಿಂಗೆ ಮುಂಚೇನೇ ಗೊತ್ತಿತ್ತಾ?"

"ಗೊತ್ತಿತ್ತಮ್ಮಾ."

"ನಾನ್ ಕೇಳಿದ್ನಲ್ಲಾ ನಿನ್ನ," ಎಂದಳು.